ಯುವರಾಣಿಯ ಓಟ್ಸ್ ಪ್ಯಾನ್‌ಕೇಕು

ಬಸ್ ನಿಲ್ದಾಣದ ಹಿಂದಿನ ಮನೆ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಮುದ್ದಿನ ತಂಗಿ ಯುವರಾಣಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯ? ಸೊಂಟನೋವು ಹೇಗಿದೆ? ನಿನ್ನ ಅಡುಗೆ ವಿಡಿಯೋಗಳಲ್ಲಂತೂ ಚೆನ್ನಾಗಿ ಬಗ್ಗಿ ಎದ್ದು ಓಡಾಡುತ್ತಿರುತ್ತೀಯ, ಕಡಿಮೆಯಾಗಿರಬೇಕು ಅಂದುಕೊಂಡಿದ್ದೇನೆ. ಅಪ್ಪನನ್ನು ನೋಡಲು ಬರುವ ಮಾತೆತ್ತಿದಾಗ ಮಾತ್ರ ಅದು ಮತ್ತೆ ಹಿಡಿದುಕೊಳ್ಳುತ್ತದೆ ಎಂದು ನಿಮ್ಮ ಮನೆಯವರು ಹೇಳಿದರು. ಬಿಸಿನೀರಿನ ಶಾಖ ಕೊಟ್ಟುಕೋ. ಮಕ್ಕಳು ಹೇಗಿದ್ದಾರೆ? ದೊಡ್ಡವಳಿಗೆ ಹಲ್ಲಿನ ತಂತಿ ಬಿಚ್ಚಿದರಾ? ಇಲ್ಲಿ ನಾವು ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ, ನಂಬುವುದು ಬಿಡುವುದು ನಿನಗೆ ಬಿಟ್ಟಿದ್ದು. ನಾನು ಫೋನಿನಲ್ಲಿ ಬಾಯಿ ತೆಗೆದರೆ ಸಾಕು, ‘ಅಕ್ಕಾ, ಕಿವಿ ಹೋಗತ್ತೆ, ಸ್ಪೀಕರಲ್ಲಿದ್ದೀಯ, ಮನೇಲಿ ಎಲ್ಲರೂ ಕೇಳಿಸ್ಕೊಳ್ತಿದಾರೆ’ ಎನ್ನುತ್ತೀಯ. ಮೊನ್ನೆಯಂತೂ, ‘ಕೂಗಾಡ್ಬೇಡ, ಏನ್ ಹೇಳೋದಿದ್ರೂ ಬರೆದು ಕಳ್ಸು, ಶಾಂತವಾಗಿ ಓದ್ತೀನಿ’ ಎಂದು ಟಪ್ಪನೆ ಇಟ್ಟುಬಿಟ್ಟೆ. ಸರಿ ತಾಯೀ! ಅಪ್ಪಣೆಯಾಗಿದೆ, ಬರೆಯುತ್ತಿದ್ದೇನೆ. ಶಾಂತವಾಗಿ ಓದು. ಕಾಗದದಲ್ಲಾದರೆ ಅಕ್ಕ ಪಿಸುಗುಟ್ಟುತ್ತಾಳೆ ಅಂತ ನೀನು ಅಂದುಕೊಂಡಿದ್ದರೆ, ನೀನು ಈ ಮನೆಯಲ್ಲಿ ಹುಟ್ಟಿದವಳೇ ಅಲ್ಲ.

ಫೋನಿನಲ್ಲಿ ಕೇಳಿದ್ದನ್ನೇ ಇಲ್ಲಿಯೂ ಮೊದಲು ಕೇಳಿಬಿಡುತ್ತೇನೆ, ಪರದೆ ಎತ್ತಿದ ಮೇಲೆ ಸುತ್ತಿ ಬಳಸುವುದು ನನ್ನ ಜಾಯಮಾನವಲ್ಲ. ಆ ವಿಡಿಯೋ ತೆಗೆದುಹಾಕು. ‘ಮನೆಯಲ್ಲೇ ಮಾಡಿ, ಆರೋಗ್ಯಕರ ಓಟ್ಸ್ ಪ್ಯಾನ್‌ಕೇಕ್’ ಅಂತ ಇದೆಯಲ್ಲ, ಅದನ್ನು. ಮಿಕ್ಕ ವಿಡಿಯೋಗಳೆಲ್ಲ ಇರಲಿ. ನೀನು ಸೋರೆಕಾಯಿಯಲ್ಲಿ ಅರಮನೆ ಕಟ್ಟು, ಕುಂಬಳಕಾಯಿಯಲ್ಲಿ ಕೋಟೆ ಕಟ್ಟು, ಈ ಅಕ್ಕ ಒಂದು ಚಕಾರ ಎತ್ತಿದರೆ ಕೇಳು. ಆದರೆ ಓಟ್ಸಿನದು ಹೋಗಬೇಕು. ಯಾಕೆ ಎಂಬುದನ್ನು ಮೊದಲ ಅಂಕದಿಂದ ಹೇಳುತ್ತೇನೆ.

ಅಪ್ಪನಿಗೆ ಲಕ್ವ ಬಡಿದು ಬಲಗೈ ಬಿದ್ದುಹೋದ ಮೇಲೆ ಡಾಕ್ಟರು ಬಂದು ಒಂದೊಂದಾಗಿ ಎಲ್ಲವನ್ನೂ ರಂಗದಿಂದ ಆಚೆ ಕಳಿಸಿದರು. ಸಕ್ಕರೆ ಹೋಯಿತು, ಮೈದಾ ಹೋಯಿತು, ಕರಿದದ್ದು ಹೋಯಿತು. ಉಳಿದದ್ದು ಓಟ್ಸು. ಗಂಜಿ ಮಾಡಿ ಮುಂದಿಟ್ಟೆ. ಅಪ್ಪ ಒಂದು ಚಮಚ ಬಾಯಿಗಿಟ್ಟುಕೊಂಡು, ಆ ವಾರೆಯಾದ ಬಾಯಲ್ಲೂ ಸಿಂಹಾಸನದಿಂದ ಇಳಿಯದ ದನಿಯಲ್ಲಿ, ‘ಇದು ಕುದುರೆಗೆ ಹಾಕೋದು. ಕುದುರೆಗೇ ಕೊಡಿ. ಸವಾರನಿಗೆ ಬೇರೆ ಏನಾದ್ರೂ ತನ್ನಿ’ ಎಂದರು. ನನಗೆ ನಗು ಬಂತು. ಮಧ್ಯಾಹ್ನವೂ ಅದನ್ನೇ ಅಂದಾಗ ನಗು ಬರಲಿಲ್ಲ. ಬೆಳಿಗ್ಗೆ ಹೊಟ್ಟೆಗೆ ಏನೂ ಬೀಳದೆ ಗುಳಿಗೆ ಕೊಡುವ ಹಾಗಿಲ್ಲ, ಗುಳಿಗೆ ಇಲ್ಲದಿದ್ದರೆ ರಕ್ತದೊತ್ತಡ ನಿಲ್ಲುವ ಹಾಗಿಲ್ಲ. ಮುಖದ ಎಲುಬು ಎದ್ದು ಕಾಣತೊಡಗಿತು. ಆಗಲೇ ಮೇಲಿನ ಮನೆಯ ರಿಟೈರಾದ ಟೀಚರಮ್ಮ, ನಾನು ಡ್ಯೂಟಿಗೆ ಹೋದಾಗ ಅಪ್ಪನ ಹತ್ತಿರ ಕೂರುತ್ತಾರಲ್ಲ, ಅವರು ಫೋನು ಹಿಡಿದುಕೊಂಡು ಮೆಟ್ಟಿಲಿಳಿದು ಬಂದು, ‘ನೋಡಮ್ಮಾ, ನಿನ್ನ ತಂಗಿ ಎಷ್ಟು ಲಕ್ಷಣವಾಗಿ ಮಾಡಿ ತೋರಿಸಿದಾಳೆ’ ಎಂದರು. ನೋಡಿದೆ. ಸುಳ್ಳೇಕೆ, ಲಕ್ಷಣವಾಗಿಯೇ ಇತ್ತು. ಹಿಂದೆ ಬಿಳಿ ಗೋಡೆ, ಕಿಟಕಿಯಲ್ಲಿ ಹಸಿರು ಗಿಡ, ಒಂದು ಜಿಡ್ಡಿನ ಕಲೆಯಿಲ್ಲದ ಒಲೆ. ಅಂಥ ಸೆಟ್ಟು ನಮ್ಮ ನಾಟಕ ಕಂಪನಿಯ ವೈಭವದ ದಿನಗಳಲ್ಲೂ ಇರಲಿಲ್ಲ!

ಮಾರನೆಯ ಬೆಳಿಗ್ಗೆ ನಾನೂ ಮಾಡಿದೆ. ಓಟ್ಸನ್ನು ಬೆಚ್ಚಗೆ ಹುರಿದು ಮಿಕ್ಸಿಗೆ ಹಾಕಿ ಪುಡಿ ಮಾಡಿದೆ, ಅರ್ಧ ಬಾಳೆಹಣ್ಣು ಹಿಸುಕಿದೆ, ಮೊಟ್ಟೆ ಒಡೆದೆ, ಹಾಲು, ಚಿಟಿಕೆ ಉಪ್ಪು, ದಾಲ್ಚಿನ್ನಿ. ನೀನು ಮಾಡಿದಂತೆಯೇ ಕಲಸಿದ ಕೂಡಲೇ ಬಾಣಲೆಗೆ ಹುಯ್ದೆ. ಅಯ್ಯೋ, ಆ ದುರಂತ ನಾಟಕ! ತಳ ಹತ್ತಿಕೊಂಡಿತು, ಮೇಲೆ ಹಸಿ, ಸಟ್ಟುಗ ಹಾಕಿದರೆ ಮೂರಾಬಟ್ಟೆ. ಹಿಟ್ಟನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು ಕಣೇ. ಓಟ್ಸು ಹಾಲು ಕುಡಿದು ಉಬ್ಬಬೇಕು. ನೀನು ಹಾಗೆ ಬಿಟ್ಟಿರುತ್ತೀಯ, ಆದರೆ ತೋರಿಸುವುದಿಲ್ಲ. ಸುಮ್ಮನೆ ಕೂತಿರುವ ಹಿಟ್ಟನ್ನು ಯಾರು ನೋಡುತ್ತಾರೆ? ಕೊನೆಗೆ ಉರಿ ಸಣ್ಣಗೆ ಮಾಡಿ, ಮೇಲೆ ಗುಳ್ಳೆ ಎದ್ದು ಒಡೆದು ಅಂಚು ಒಣಗುವವರೆಗೆ ಕೈ ಕಟ್ಟಿಕೊಂಡು ನಿಂತು ತಿರುವಿದಾಗ ಬಂತು ನೋಡು, ಹದವಾದ ಕಂದು, ಮೆತ್ತಗೆ, ಘಮಘಮ. ಮನೆಯಲ್ಲಿ ಚಪ್ಪಾಳೆ ತಟ್ಟುವವರಿರಲಿಲ್ಲ. ನಾನೇ ಸಟ್ಟುಗದಿಂದ ಬಾಣಲೆಗೆ ಟಣ್ ಎಂದು ಬಡಿದೆ.

ಈಗ ಬರುತ್ತದೆ ಮುಖ್ಯ ದೃಶ್ಯ. ನಾನು ಅಡುಗೆಮನೆಯಲ್ಲಿ ತಟ್ಟೆಗೆ ಹಾಕುತ್ತಿದ್ದೇನೆ. ಆಚೆ ಕೋಣೆಯಲ್ಲಿ ಟೀಚರಮ್ಮ ಅಪ್ಪನಿಗೆ ಬೇಜಾರು ಕಳೆಯಲಿ ಅಂತ ನೀರಿನ ಜಗ್ಗಿಗೆ ನನ್ನ ಫೋನು ಒರಗಿಸಿ ನಿನ್ನ ವಿಡಿಯೋ ಹಾಕಿದ್ದಾರೆ. ನೀನು ಎಲ್ಲ ಮಾಡಿ ಮುಗಿಸಿ, ಕ್ಯಾಮೆರಾಕ್ಕೆ ತಲೆ ವಾಲಿಸಿ, ಆ ಜೇನು ದನಿಯಲ್ಲಿ ಅನ್ನುತ್ತೀಯ: ‘ನಮ್ಮಪ್ಪನಿಗೆ ದಿನಾ ಬೆಳಿಗ್ಗೆ ನಾನೇ ನನ್ನ ಕೈಯಾರೆ ಮಾಡ್ಕೊಡೋದು ಇದನ್ನೇ. ಈಗ ಅಪ್ಪ ಕಾಯ್ತಿದಾರೆ, ಬರ್ತೀನಿ!’ ಅಂದವಳೇ ತಟ್ಟೆ ಎತ್ತಿಕೊಂಡು ಬಲಗಡೆಯಿಂದ ಹೊರಟುಹೋಗುತ್ತೀಯ. ಸರಿಯಾಗಿ ಅದೇ ಕ್ಷಣಕ್ಕೆ, ಯಾವ ಪ್ರಾಂಪ್ಟರೂ ಹೇಳಿಕೊಡದೆ, ನಾನು ತಟ್ಟೆ ಹಿಡಿದು ಎಡಗಡೆಯಿಂದ ಪ್ರವೇಶ! ಅಪ್ಪ ಪರದೆ ನೋಡಿದರು, ತಟ್ಟೆ ನೋಡಿದರು, ಎಡಗೈಯಲ್ಲಿ ಮುರಿದು ಬಾಯಿಗಿಟ್ಟುಕೊಂಡರು. ಪೂರ್ತಿ ತಿಂದರು. ತಟ್ಟೆ ನನ್ನ ಕಡೆ ಸರಿಸಿ, ‘ಯುವರಾಣಿಗೆ ಹೇಳಮ್ಮಾ ಸಖೀ, ಮಹಾರಾಜರಿಗೆ ಸಂತೋಷವಾಯ್ತು ಅಂತ’ ಎಂದರು.

ನಗಬೇಡ. ಅಥವಾ ನಗು, ನಾನೂ ಅವತ್ತು ನಕ್ಕೆ. ಅಪ್ಪನ ಬುದ್ಧಿ ಕೆಟ್ಟಿಲ್ಲ; ಅವರ ಬುದ್ಧಿ ಕಂಪನಿಯ ಗುಡಾರದಲ್ಲೇ ಉಳಿದುಬಿಟ್ಟಿದೆ, ಅಷ್ಟೆ. ಅಲ್ಲಿ ನಿಯಮ ಏನಿತ್ತು? ರಾಜಕುಮಾರಿ ಅಡುಗೆ ಮಾಡಿದರೂ ತಟ್ಟೆ ಹೊತ್ತುಕೊಂಡು ರಂಗಕ್ಕೆ ಬರುವಂತಿಲ್ಲ. ಅವಳು ಒಂದು ಸೈಡ್‌ವಿಂಗಿನಲ್ಲಿ ಹೋದರೆ, ಇನ್ನೊಂದರಿಂದ ತಟ್ಟೆ ತರುವವಳು ಸಖಿ. ಅಪ್ಪ ರಾಜ, ನೀನು ಯುವರಾಣಿ, ನಾನು ಸಖಿ. ಯಾವ ನಾಟಕವಾಗಲಿ, ಯಾವ ಕ್ಯಾಂಪಾಗಲಿ, ನನ್ನ ಪಾಲಿಗೆ ಬಂದದ್ದು ‘ಅಪ್ಪಣೆ ಅಮ್ಮಣ್ಣೀ’ ಎಂಬ ಮಾತು ಒಂದೇ. ಈ ಗಂಟಲು ಇಟ್ಟುಕೊಂಡು! ಕೊನೆಯ ಬೆಂಚಿನವನ ಆಚೆ ಗುಡಾರದ ಹೊರಗೆ ಸೈಕಲ್ ಕಾಯುವವನಿಗೂ ಕೇಳಿಸುವ ಗಂಟಲು ಇಟ್ಟುಕೊಂಡು! ‘ನಿನ್ನ ದನಿಗೆ ರಾಕ್ಷಸನ ಪಾತ್ರವೇ ಸರಿ, ಆದ್ರೆ ಹೆಣ್ಣು ರಾಕ್ಷಸರಿಗೆ ನಮ್ಮಲ್ಲಿ ಕಿರೀಟ ಇಲ್ಲ’ ಅಂತ ಅಪ್ಪ ತಮಾಷೆ ಮಾಡುತ್ತಿದ್ದರು. ಆ ತಮಾಷೆಗೆ ನೀನು ಎಷ್ಟು ನಗುತ್ತಿದ್ದೆ! ನಾನೂ ನಗುತ್ತಿದ್ದೆ, ಎಲ್ಲರಿಗಿಂತ ಜೋರಾಗಿ.

ಅಂದಿನಿಂದ ದಿನಾ ಬೆಳಿಗ್ಗೆ ಈ ಮನೆಯಲ್ಲಿ ಪ್ರದರ್ಶನ. ಫೋನು ಜಗ್ಗಿಗೆ ಒರಗಬೇಕು, ನೀನು ಹಿಟ್ಟು ಕಲಸಬೇಕು, ನೀನು ‘ಬರ್ತೀನಿ’ ಎನ್ನಬೇಕು, ಆಗ ನನ್ನ ಪ್ರವೇಶ. ಒಂದು ಉಸಿರು ಮುಂಚೆ ಹೋದರೆ ‘ಇನ್ನೂ ಅವಳು ತಿರುವಿಲ್ಲ, ನೀನೇನು ತಂದೆ?’ ಎನ್ನುತ್ತಾರೆ. ತಡವಾದರೆ ‘ಆರಿಹೋಗಿದೆ, ಇದು ಅವಳದಲ್ಲ’ ಎಂದು ಮುಖ ತಿರುಗಿಸುತ್ತಾರೆ. ನಿನ್ನ ವಿಡಿಯೋ ಓಡುವ ಹೊತ್ತಿಗೆ ಸರಿಯಾಗಿ ನನ್ನ ಬಾಣಲೆ ಕಾಯಬೇಕು. ಗ್ಯಾಸು ಮುಗಿಯುತ್ತಿರುವ ದಿನ ಉರಿ ಏಳದಿದ್ದರೆ ನನ್ನ ಎದೆ ಹೊಡೆದುಕೊಳ್ಳುವುದನ್ನು ನೋಡಬೇಕು ನೀನು. ಇದರ ಮೇಲೆ ನಿನ್ನ ಜೇನುತುಪ್ಪ! ‘ಸಕ್ಕರೆ ಒಂಚೂರೂ ಇಲ್ಲ’ ಅಂತ ಬಾಯಲ್ಲಿ ಹೇಳುತ್ತಾ ಕೈಯಲ್ಲಿ ಧಾರೆ ಧಾರೆಯಾಗಿ ಸುರಿಯುತ್ತೀಯಲ್ಲ, ಅಪ್ಪ ಅದನ್ನು ಕಣ್ಣಿಟ್ಟು ನೋಡಿ, ತಟ್ಟೆ ಬಂದ ಮೇಲೆ ‘ಜೇನು ಎಲ್ಲಿ?’ ಎಂದು ಕೇಳದೆ ಬಿಡುವುದಿಲ್ಲ. ಅವರಿಗಿರುವ ಸಕ್ಕರೆ ಕಾಯಿಲೆಗೆ ಜೇನು ಸುರಿದರೆ ಕೊನೆಯ ಅಂಕವೇ ಗತಿ. ರಂಗದ ಮೇಲೆ ಹೆಂಡದ ಬದಲು ಟೀ ಡಿಕಾಕ್ಷನ್ ಕುಡಿದು ತೂರಾಡಿದ ಜನ ನಾವು. ದಾಲ್ಚಿನ್ನಿ ಕುದಿಸಿ ಜೇನಿನ ಬಣ್ಣ ಬರುವಂತೆ ಇಳಿಸಿ, ಹಳೆಯ ಜೇನಿನ ಸೀಸೆಗೆ ತುಂಬಿಟ್ಟಿದ್ದೇನೆ. ಎತ್ತರದಿಂದ ಸುರಿಯುತ್ತೇನೆ. ಅಪ್ಪ ನೆಕ್ಕಿ, ‘ಯುವರಾಣಿ ಕೈಗುಣವೇ ಬೇರೆ’ ಎನ್ನುತ್ತಾರೆ.

ಒಂದು ಬೆಳಿಗ್ಗೆ ತಡೆಯಲಾಗಲಿಲ್ಲ. ತಟ್ಟೆ ಇಟ್ಟು, ಎದುರು ಕೂತು, ‘ಅಪ್ಪಾ, ಮಾಡಿದ್ದು ನಾನು. ಅವಳು ಫೋನಿನಲ್ಲಿದ್ದಾಳೆ, ನಾನು ಇಲ್ಲಿದ್ದೀನಿ. ನಿಮ್ಮ ದೊಡ್ಡ ಮಗಳು’ ಎಂದೆ. ಮೆಲ್ಲಗೆ ಹೇಳಿದೆ, ನನ್ನಾಣೆ. ಅಪ್ಪ ಬಾಯಲ್ಲಿದ್ದ ತುತ್ತನ್ನು ತೆಗೆದು ತಟ್ಟೆಯ ಅಂಚಿಗಿಟ್ಟರು. ಕೋಪವಿಲ್ಲ, ಗದರಿಕೆಯಿಲ್ಲ. ಕೆಲಸದವಳಿಗೆ ಬುದ್ಧಿ ಹೇಳುವ ಹಾಗೆ, ‘ಇರಬಹುದಮ್ಮಾ. ಆದ್ರೆ ಉಪ್ಪು ತಿಂದ ಮನೆ, ಯುವರಾಣಿ ಹೆಸರು ಕೆಡಿಸ್ಬಾರ್ದು’ ಎಂದರು. ಅವತ್ತು ಮತ್ತೆ ತಿನ್ನಲಿಲ್ಲ. ನಾನು ಆ ತಟ್ಟೆಯನ್ನು ತಂದು ಒಲೆಯ ಮುಂದೆ ನಿಂತೇ ತಿಂದು ಮುಗಿಸಿದೆ. ಚೆನ್ನಾಗಿತ್ತು ಕಣೇ. ಅದು ಇನ್ನೂ ಹೊಟ್ಟೆ ಉರಿಸಿತು.

ಮನೆಯಲ್ಲಿ ಇಷ್ಟಾದರೆ ಬಸ್ ನಿಲ್ದಾಣದಲ್ಲಿ ಇನ್ನೊಂದು ಕಥೆ. ನಮ್ಮ ಕಂಟ್ರೋಲರು, ಅದೇ, ಬಸ್ಸುಗಳನ್ನು ಬಿಡುವ ಮನುಷ್ಯ, ನನ್ನ ಅನೌನ್ಸ್‌ಮೆಂಟ್ ಕೋಣೆಗೆ ನುಗ್ಗಿ, ‘ಮೇಡಂ, ಇವರು ನಿಮ್ಮ ತಂಗಿಯಂತೆ! ಎಂಥಾ ಮಗಳು ರೀ! ನಮ್ಮನೆಯವಳು ನೋಡಿ ಅತ್ತೇಬಿಟ್ಲು. ನೀವೂ ಸ್ವಲ್ಪ ಕಲೀಬಾರ್ದಾ, ದಿನಾ ಇಲ್ಲಿ ಕೂತು ಕಿರುಚೋದು ಬಿಟ್ಟು?’ ಎಂದ. ವಿಡಿಯೋದ ಕೆಳಗೆ ಜನ ಬರೆದಿದ್ದನ್ನೂ ಓದಿ ಹೇಳಿದ. ‘ಇಂಥ ಮಗಳು ಮನೆಮನೆಗೂ ಹುಟ್ಟಲಿ’ ಎಂದು ಯಾರೋ ಬರೆದಿದ್ದಾರೆ, ನೀನು ಅದಕ್ಕೆ ಕೈಮುಗಿದ ಚಿತ್ರ ಹಾಕಿದ್ದೀಯ. ನನಗೆ ಎಲ್ಲಿತ್ತೋ ಸಿಟ್ಟು, ಎದ್ದು ನಿಂತು, ‘ಆ ಕೈ ಅವಳದಲ್ಲ ಕಣ್ರೀ, ಈ ಕೈ! ಆ ಪ್ಯಾನ್‌ಕೇಕು ನನ್ನದು! ಅವಳು ನಮ್ಮ ಮನೆ ಹೊಸಿಲು ತುಳಿದು ವರ್ಷಗಳಾದವು!’ ಎಂದು ಘರ್ಜಿಸಿದೆ. ಹೇಳಿ ಮುಗಿಸಿದ ಮೇಲೆ ನೋಡುತ್ತೇನೆ, ಮೈಕು ಆಫ್ ಮಾಡಿರಲಿಲ್ಲ. ಇಡೀ ನಿಲ್ದಾಣಕ್ಕೆ ಕೇಳಿಸಿದೆ. ಗಂಟುಮೂಟೆ ಹೊತ್ತವರು ಹಾಗೇ ನಿಂತುಬಿಟ್ಟಿದ್ದಾರೆ. ಆಮೇಲೆ ಒಬ್ಬ ಮುದುಕ ಕಿಟಕಿಗೆ ಬಂದು, ‘ಅದು ಯಾವ ಪ್ಲಾಟ್‌ಫಾರ್ಮಿಗೆ ಬರತ್ತಮ್ಮಾ?’ ಎಂದು ಕೇಳಿದ. ಮೇಲಿನವರಿಂದ ನನಗೆ ಮೆಮೋ ಬಂದಿದೆ. ಇರಲಿ, ಅದರ ಲೆಕ್ಕ ನಿನ್ನ ಮೇಲೆ ಹಾಕುವುದಿಲ್ಲ. ನಿಮ್ಮೂರಿನ ಬಸ್ಸು ಬಂದು ನಿಂತಾಗಲೆಲ್ಲ ಕೂಗಿ ಹೇಳುವವಳು ನಾನೇ. ಇಳಿಯುವವರ ತಲೆಗಳನ್ನು ಗಾಜಿನಿಂದ ನೋಡುವುದು ಅಭ್ಯಾಸವಾಗಿಬಿಟ್ಟಿದೆ. ಇದನ್ನೂ ನಿನ್ನ ಮೇಲೆ ಹಾಕುವುದಿಲ್ಲ.

ಫೋನಿನಲ್ಲಿ ನೀನು ಎರಡು ಮಾತು ಹೇಳಿದೆ. ಒಂದು, ‘ಅಕ್ಕಾ, ಜನ ನೋಡ್ಬೇಕಂದ್ರೆ ಏನಾದ್ರೂ ಭಾವನೆ ಇರ್ಬೇಕು, ಬರೀ ಓಟ್ಸ್ ಯಾರು ನೋಡ್ತಾರೆ?’ ಇದು ನನಗೆ ಅರ್ಥವಾಗುತ್ತದೆ; ನಾವೂ ಅದೇ ವ್ಯಾಪಾರದಲ್ಲಿ ಬೆಳೆದವರು. ಇನ್ನೊಂದು, ‘ಅಷ್ಟಕ್ಕೂ ಅಪ್ಪ ತಿಂತಿದಾರಲ್ಲ, ಮುಖ್ಯ ಅದು ತಾನೇ?’ ಎಂದೆ. ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ, ತಗೋ. ತಿನ್ನುವುದು ಮುಖ್ಯ, ನಿಜ. ಯಾರು ಕೊಟ್ಟದ್ದು ಎನ್ನುವುದೂ ಮುಖ್ಯ. ಇನ್ನೊಂದು ಸಲ ಹೀಗೆ ಬಡಿದರೆ ಮಾತು ಹೋಗಬಹುದು, ಗುರುತೂ ಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ನನಗೆ ಕಿರೀಟ ಬೇಡ, ಹಾರ ಬೇಡ, ಒನ್ಸ್‌ಮೋರ್ ಬೇಡ. ಒಂದೇ ಒಂದು ಬೆಳಿಗ್ಗೆ ಅಪ್ಪ ತಟ್ಟೆಯಿಂದ ತಲೆ ಎತ್ತಿ ನನ್ನ ಮುಖ ನೋಡಿ, ‘ನೀನಾ ಮಾಡಿದ್ದು?’ ಅಂದರೆ ಸಾಕು. ‘ಚೆನ್ನಾಗಿದೆ’ ಅಂತಲೂ ಅನ್ನಬೇಕಿಲ್ಲ. ನೀನು ಆ ಜಗ್ಗಿನ ಮೇಲೆ ನಗುತ್ತಾ ಕೂತಿರುವವರೆಗೆ ಅವರು ನನ್ನ ಕಡೆ ತಿರುಗುವುದಿಲ್ಲ. ಆದ್ದರಿಂದ ಇಳಿ ಅಲ್ಲಿಂದ. ಒಂದು ದಿನ ಹುಡುಕುತ್ತಾರೆ, ಇನ್ನೊಂದು ದಿನ ಹಟ ಮಾಡುತ್ತಾರೆ. ಆಮೇಲೆ ಹಸಿವಾದ ಮನುಷ್ಯನ ಕಣ್ಣು ತಟ್ಟೆ ಹಿಡಿದವಳ ಮುಖಕ್ಕೆ ತಾನಾಗಿ ಏರುತ್ತದೆ. ನಾನು ಕಾಯುತ್ತೇನೆ. ಸೈಡ್‌ವಿಂಗಿನಲ್ಲಿ ನಿಂತು ಕಾಯುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇಲ್ಲ.

ತೆಗೆಯಲು ಮನಸ್ಸಿಲ್ಲದಿದ್ದರೆ ಇನ್ನೊಂದು ದಾರಿ ಇದೆ. ಬಾ. ಬಂದು ಈ ಜಿಡ್ಡು ಹಿಡಿದ ಒಲೆಯ ಮುಂದೆ ನಿಂತು, ನಿಜವಾಗಿಯೂ ನೀನೇ ಮಾಡಿಕೊಡು. ಆಗ ನಿನ್ನ ಮಾತು ಸತ್ಯವಾಗುತ್ತದೆ, ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ. ಬಾಣಲೆಯ ಹಿಡಿ ಅಲ್ಲಾಡುತ್ತದೆ, ಬಟ್ಟೆ ಸುತ್ತಿ ಹಿಡಿಯಬೇಕು, ಹೇಳಿಕೊಡುತ್ತೇನೆ.

ಮಕ್ಕಳಿಗೆ ದೊಡ್ಡಮ್ಮನ ಮುತ್ತುಗಳು. ಚಿಕ್ಕವನು ನಿನ್ನ ವಿಡಿಯೋದಲ್ಲಿ ಹಿಂದಿನಿಂದ ಓಡಿಹೋಗುವುದನ್ನು ನೋಡಿ ಅಪ್ಪ ಪ್ರತಿ ಸಲವೂ ಯಾರದು ಎಂದು ಕೇಳುತ್ತಾರೆ, ನಿಮ್ಮ ಮೊಮ್ಮಗ ಎಂದು ನಾನು ಪ್ರತಿ ಸಲವೂ ಹೇಳುತ್ತೇನೆ. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸು. ಸ್ಪೀಕರಿನಲ್ಲಿ ನನ್ನನ್ನು ಕೇಳಿಸಿಕೊಂಡ ತಾಳ್ಮೆಗೆ. ಸೊಂಟ ಜೋಪಾನ. ನೂರು ವರ್ಷ ಚೆನ್ನಾಗಿ ಬಾಳು, ಸಿಟ್ಟಿನಲ್ಲೂ ಇದನ್ನೇ ಹೇಳುತ್ತೇನೆ.

ಇಂತಿ,
ಎಡಗಡೆಯಿಂದ ತಟ್ಟೆ ತರುವವಳು,
ನಿನ್ನ ಅಕ್ಕ

ಮರುಬರಹ: ಗುರುವಾರ ಬೆಳಿಗ್ಗೆ. ಡ್ಯೂಟಿಯ ಗದ್ದಲದಲ್ಲಿ ಕಾಗದ ಚೀಲದಲ್ಲೇ ಉಳಿದಿತ್ತು. ನೀನು ಕಾಗದ ಬರುವವರೆಗೂ ಕಾಯಲಿಲ್ಲ. ಸೋಮವಾರ ಫೋನು ಒರಗಿಸಿದರೆ ವಿಡಿಯೋ ಇಲ್ಲ. ನನ್ನ ಮಾತಿಗೆ ಇಷ್ಟು ಬೆಲೆ ಇದೆ ಎಂದು ಗೊತ್ತಿರಲಿಲ್ಲ ಕಣೇ. ಅಪ್ಪ ಆ ದಿನ ಖಾಲಿ ಪರದೆ ನೋಡುತ್ತಾ ಕೂತರು, ತಟ್ಟೆ ಮುಟ್ಟಲಿಲ್ಲ. ಮರುದಿನವೂ ಇಲ್ಲ. ನಿನ್ನೆ ತಲೆ ಎತ್ತಿದರು. ನನ್ನ ಮುಖವನ್ನೇ ನೋಡಿದರು, ತುಂಬ ಹೊತ್ತು, ಒಳ್ಳೆಯ ಕಣ್ಣಿನಿಂದ. ಆಮೇಲೆ ಹೇಳಿದರು, ‘ನೀನೂ ಬೇರೆ ಕಡೆ ಕೆಲಸ ನೋಡ್ಕೋ ತಾಯೀ. ಯುವರಾಣಿನೇ ಬಿಟ್ಟುಹೋದ್ಮೇಲೆ ಇಲ್ಲಿ ನಿನಗೆ ಸಂಬಳ ಯಾರು ಕೊಡ್ತಾರೆ?’ ಇವತ್ತು ನೀರು ಕೂಡ ಸರಿಯಾಗಿ ಇಳಿಯುತ್ತಿಲ್ಲ. ಗುಳಿಗೆಗಳು ಹಾಗೇ ಇವೆ. ಡಾಕ್ಟರು ಇನ್ನು ಆಸ್ಪತ್ರೆ, ಮೂಗಿಗೆ ನಳಿಗೆ ಎನ್ನುತ್ತಿದ್ದಾರೆ. ಫೋನು ಮಾಡಿದರೆ ನೀನು ಎತ್ತುತ್ತಿಲ್ಲ. ವಿಡಿಯೋವನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಬೇಕಿತ್ತು ಎಂದು ಕಂಟ್ರೋಲರು ಈಗ ಬುದ್ಧಿ ಹೇಳುತ್ತಾನೆ. ಇದನ್ನು ನಿಮ್ಮೂರಿನ ಬಸ್ಸಿನ ಡ್ರೈವರನ ಕೈಗೆ ಕೊಡುತ್ತಿದ್ದೇನೆ, ಬಾಗಿಲಿಗೇ ತಂದು ಕೊಡುತ್ತಾನೆ. ಮೇಲೆ ಬರೆದದ್ದನ್ನೆಲ್ಲ ಓದಬೇಡ. ಆ ವಿಡಿಯೋ ಮತ್ತೆ ಹಾಕು, ಮೊದಲು ಹೇಗಿತ್ತೋ ಹಾಗೇ. ನನ್ನ ಹೆಸರು ಎಲ್ಲೂ ಬರುವುದು ಬೇಡ. ಅಳಿಸಿಹೋಗಿದ್ದರೆ ಇವತ್ತೇ ಹೊಸದು ಮಾಡು. ದಿನಾ ನೀನೇ ಮಾಡಿಕೊಡುವುದು ಅಂತ ಹೇಳು. ಜೋರಾಗಿ ಹೇಳು, ಅಪ್ಪನಿಗೆ ಎಡಗಿವಿ ಈಗ ಪೂರ್ತಿ ಕೇಳಿಸುವುದಿಲ್ಲ.